ಪಂಡಿತೆ ರಮಾಬಾಯಿಯವರ ಚರಿತ್ರೆಯೂ ನಮ್ಮ ಸಭೆಗಳ ವೃದ್ಧರೂ



ವೃದ್ಧರನ್ನು ಗೌರವಿಸಬೇಕೆಂಬುದನ್ನು ಅರಿಯದವರು ನಮ್ಮ ಸಭೆಗಳಲ್ಲಿ ಒಬ್ಬರೂ ಇಲ್ಲ. ತಂದೆತಾಯಿಗಳ ವಿಷಯವಾದ ಆಜ್ಞೆಯನ್ನು ನಮ್ಮ ಚಿಕ್ಕ ಮಕ್ಕಳೂ ಬಾಯಿಪಾಠವಾಗಿ ಬಲ್ಲರು. ಆದರೆ ಗೌರವಿಸುವುದು ಒಂದು, ಜೊತೆಗೆ ಸೇರಿಸಿಕೊಳ್ಳುವುದು ಮತ್ತೊಂದು. ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಬಡಿಸಿ, ಹೊದೆಯಲು ಕಂಬಳಿ ಕೊಟ್ಟು, ಜಗಲಿಯ ಮೇಲೆ ಕುಳ್ಳಿರಿಸಿದರೆ ನಮ್ಮ ಕರ್ತವ್ಯವು ತೀರಿತೆಂದು ಎಣಿಸುವವರು ಬಹು ಮಂದಿ. ಆ ಅಜ್ಜನ ಸಂಗಡ ದಿನವೆಲ್ಲಾ ಯಾರಾದರೂ ಮಾತಾಡಿದರೋ, ಮನೆಯ ಕಾರ್ಯದಲ್ಲಾಗಲಿ ಸಭೆಯ ಕಾರ್ಯದಲ್ಲಾಗಲಿ ಯಾರಾದರೂ ಆತನ ಆಲೋಚನೆಯನ್ನು ಕೇಳಿದರೋ ಎಂದು ವಿಚಾರಿಸುವವರು ಕೊಂಚವೇ.

ಯಲಹಂಕದ ಬಳಿಯಲ್ಲಿರುವ ಪುಟ್ಟೇನಹಳ್ಳಿಯನ್ನೂ ಅದರ ಸುತ್ತಿನ ಊರುಗಳನ್ನೂ ನೋಡಿರಿ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಮನೆಗಳೂ ಎತ್ತರವಾದ ಕಟ್ಟಡಗಳೂ ಎದ್ದಿವೆ. ಪುಟ್ಟೇನಹಳ್ಳಿಯ ಕೆರೆಯನ್ನು ೨೦೧೫ನೇ ಇಸವಿಯಲ್ಲಿ ಸರಕಾರದವರು ಪಕ್ಷಿಗಳ ರಕ್ಷಣೆಗೋಸ್ಕರ ಪ್ರತ್ಯೇಕಿಸಿದರು. ದೂರದಿಂದ ಬರುವ ಹಕ್ಕಿಗಳಿಗೂ ಅಲ್ಲಿ ಒಂದು ಸ್ಥಳವು ನೇಮಕವಾಯಿತು. ಆದರೆ ಅದೇ ನೆಲವನ್ನು ಉತ್ತು ಬಿತ್ತಿದ ವೃದ್ಧರಿಗೆ ಸ್ಥಳವೆಲ್ಲಿ? ಪ್ರಾಯಸ್ಥರು ಮುಂಜಾನೆ ಬಸ್ಸು ಹತ್ತಿ ಯಲಹಂಕಕ್ಕೂ ಹೆಬ್ಬಾಳಕ್ಕೂ ಯಶವಂತಪುರಕ್ಕೂ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕನೂ ಮುದುಕಿಯೂ ಮಾತ್ರ. ಇದು ಒಂದು ಊರಿನ ಸಂಗತಿಯಲ್ಲ. ೨೦೧೧ನೇ ಇಸವಿಯ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ೬೦ ವರುಷ ದಾಟಿದವರು ೧೦ ಕೋಟಿಗಿಂತ ಹೆಚ್ಚಾಗಿದ್ದರು, ಅವರಲ್ಲಿ ೭ ಕೋಟಿಗಿಂತ ಹೆಚ್ಚು ಜನರು ಹಳ್ಳಿಗಳಲ್ಲಿಯೇ ವಾಸಿಸುವವರಾಗಿದ್ದರು.

ಆದಕಾರಣ ಈ ತಿಂಗಳು ನಾವು ಪಂಡಿತೆ ರಮಾಬಾಯಿಯವರ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ. ಅವರನ್ನು ವಿಧವೆಯರ ತಾಯಿ ಎಂದು ಎಲ್ಲರೂ ಬಲ್ಲರು. ನಾವಾದರೋ ಅವರ ಬಾಳಿನಲ್ಲಿ ವೃದ್ಧಾಪ್ಯವು ಹೇಗೆ ಹೇಗೆ ಕಾಣಿಸಿಕೊಂಡಿತೆಂಬುದನ್ನು ವಿಶೇಷವಾಗಿ ನೋಡೋಣ.

೧. ವೃದ್ಧ ತಂದೆಯೂ ಉಪಾಧ್ಯಾಯಿನಿಯಾದ ತಾಯಿಯೂ

ರಮಾಬಾಯಿಯವರು ಹುಟ್ಟಿದ್ದು ನಮ್ಮ ಕನ್ನಡನಾಡಿನಲ್ಲಿಯೇ. ೧೮೫೮ನೇ ಇಸವಿ ಏಪ್ರಿಲ್ ೨೩ರಂದು, ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅಡವಿಯ ಆಶ್ರಮದಲ್ಲಿ ಅವರು ಜನಿಸಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂದು ಲೋಕವು ಹೇಳುತ್ತಿದ್ದ ಕಾಲದಲ್ಲಿ ಅವರು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಇದಕ್ಕಾಗಿ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಶಾಸ್ತ್ರಗಳಿಂದಲೇ ಆಧಾರಗಳನ್ನು ತೋರಿಸಿ ಅವರು ತಮ್ಮ ನಡತೆಯನ್ನು ಸಮರ್ಥಿಸಿಕೊಂಡರು.

ಆ ಆಶ್ರಮಕ್ಕೆ ಯಾತ್ರಿಕರೂ ವಿದ್ಯಾರ್ಥಿಗಳೂ ಬಂದು ಉಣ್ಣುತ್ತಿದ್ದರು. ಅತಿಥಿಸತ್ಕಾರದಲ್ಲಿ ಆಸ್ತಿಯೆಲ್ಲಾ ಕರಗಿಹೋಗಲು, ಅವರು ಕುಟುಂಬವನ್ನು ಕರೆದುಕೊಂಡು ಯಾತ್ರೆ ಹೊರಟರು. ಆಗ ರಮಾಬಾಯಿಯು ಕೆಲವು ತಿಂಗಳ ಕೂಸು. ಬೆತ್ತದ ಬುಟ್ಟಿಯೊಂದರಲ್ಲಿ ಕೂಸನ್ನು ಮಲಗಿಸಿ ಆಳು ತಲೆಯ ಮೇಲೆ ಹೊತ್ತು ಬೆಟ್ಟವನ್ನು ಇಳಿದನು. ಅಂದಿನಿಂದ ಸುಮಾರು ೧೬ ವರುಷ ಆ ಕುಟುಂಬಕ್ಕೆ ಸ್ವಂತ ಮನೆ ಇರಲಿಲ್ಲ. ಊರೂರು ತಿರುಗಿ, ದೇವಸ್ಥಾನಗಳಲ್ಲಿಯೂ ನದೀತೀರಗಳಲ್ಲಿಯೂ ಕುಳಿತು ಪುರಾಣಗಳನ್ನು ಓದುವುದೇ ಅವರ ವೃತ್ತಿ. ಕೇಳಿದವರು ಕೊಟ್ಟ ಧಾನ್ಯದಿಂದಲೂ ಹಣದಿಂದಲೂ ಅವರ ಜೀವನವು ಸಾಗುತ್ತಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಅನಂತಶಾಸ್ತ್ರಿಗಳಿಗೆ ಆಗಲೇ ಮುಪ್ಪು ಬಂದಿತ್ತು, ಕಣ್ಣೂ ಮಂಜಾಗುತ್ತಾ ಬಂತು. ಮಗಳಿಗೆ ತಾವೇ ಪಾಠ ಹೇಳುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಆದರೆ ತಮ್ಮ ಬಲವಿದ್ದ ಕಾಲದಲ್ಲಿ ಹೆಂಡತಿಗೆ ಕೊಟ್ಟ ವಿದ್ಯೆಯು ವ್ಯರ್ಥವಾಗಲಿಲ್ಲ. ರಮಾಬಾಯಿಯು ೮ ವರುಷದವಳಾದಂದಿನಿಂದ ೧೫ ವರುಷದವಳಾಗುವ ತನಕ ತಾಯಿಯೇ ಆಕೆಗೆ ಉಪಾಧ್ಯಾಯಿನಿಯಾದಳು. ಬೆಳಗಿನ ಜಾವದಲ್ಲಿ ಮನೆಗೆಲಸಕ್ಕೆ ಮುಂಚೆ ಮಗಳನ್ನು ಎಬ್ಬಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುವಳು. ಹೀಗೆ ತಂದೆಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಸಾವಿರಾರು ಶ್ಲೋಕಗಳು ದಾಟಿ ಬಂದವು. ತಿಮೊಥೆಯನ ನಂಬಿಕೆಯು ಅವನ ಅಜ್ಜಿಯಾದ ಲೋವಿಯಿಂದ ಮೊದಲಾಯಿತೆಂದು ನಮ್ಮ ವಾಚಕರು ಬಲ್ಲರಷ್ಟೆ. ಹಿರಿಯರು ಕೂಡ ಇದ್ದು ಮಾತಾಡುವ ಮನೆಯಲ್ಲಿ ವಿದ್ಯೆಯು ಹೀಗೆಯೇ ನಡೆಯುವುದು.

೨. ಹೊರುವವರಿಲ್ಲದ ಮರಣ

೧೮೭೪ನೇ ಇಸವಿಯ ಹೊತ್ತಿಗೆ ದಕ್ಷಿಣದೇಶದಲ್ಲಿ ಬರವು ಬಿತ್ತು. ತಿನ್ನಲು ಇಲ್ಲದ ಜನರು ಪುರಾಣ ಕೇಳುವುದುಂಟೇ? ಪಾತ್ರೆಪಗಡಿಗಳನ್ನೂ ಒಡವೆಗಳನ್ನೂ ಮಾರಿ ತಿಂದದ್ದಾಯಿತು. ಕೂಲಿ ಮಾಡಲು ಅಭ್ಯಾಸವಿಲ್ಲ, ಭಿಕ್ಷೆ ಬೇಡಲು ಮನಸ್ಸಿಲ್ಲ. ಹೀಗಿರಲಾಗಿ ಆ ಕುಟುಂಬವು ತಿರುಪತಿಯ ಕಡೆಯ ಕಾಡಿನಲ್ಲಿ ೧೧ ದಿವಸಗಳ ತನಕ ನೀರು, ಎಲೆ, ಕಾಡು ಈಚಲ ಹಣ್ಣು ಇವುಗಳಿಂದ ಜೀವ ಹಿಡಿದುಕೊಂಡಿತ್ತು. ಕಣ್ಣು ಕಾಣದ ವೃದ್ಧ ತಂದೆಯು ಕಿರಿಯ ಮಗಳನ್ನು ತೋಳಿನಲ್ಲಿ ಹಿಡಿದು, ಸನ್ಮಾರ್ಗದಲ್ಲಿ ನಡೆದು ದೇವರ ಸೇವೆ ಮಾಡಬೇಕೆಂದು ಬುದ್ಧಿ ಹೇಳಿ, ಆಕೆಯನ್ನು ದೇವರ ಕೈಗೆ ಒಪ್ಪಿಸಿದರು. ಕೆಲವು ದಿವಸಗಳಲ್ಲಿ ಅವರು ತೀರಿಕೊಂಡರು.

ಆ ಮೇಲೆ ತಾಯಿಯೂ ಹಾಸಿಗೆ ಹಿಡಿದಳು. ಹಸಿವೆಯನ್ನು ತಾಳಲಾರದೆ ಆಕೆಯು ಒಂದು ತುಂಡು ರೊಟ್ಟಿಗಾಗಿ ಹಂಬಲಿಸಲು, ರಮಾಬಾಯಿಯು ನೆರೆಮನೆಯ ಬಾಗಲಿಗೆ ಹೋಗಿ ನಿಂತಳು. ಬೇಡಲು ನಾಲಿಗೆ ಏಳಲಿಲ್ಲ, ಕಣ್ಣೀರು ಮಾತ್ರ ಸುರಿಯಿತು. ಆ ಮನೆಯ ಹೆಂಗಸು ತಾನೇ ಅರಿತುಕೊಂಡು ಒಂದು ಸಜ್ಜೆಯ ರೊಟ್ಟಿಯನ್ನು ಕೊಟ್ಟಳು. ಆದರೂ ತಾಯಿಯು ಉಳಿಯಲಿಲ್ಲ. ಶವವನ್ನು ಹೊರುವುದಕ್ಕೆ ಊರಿನವರು ಯಾರೂ ಮುಂದೆ ಬರಲಿಲ್ಲ. ಕಟ್ಟಕಡೆಗೆ ಇಬ್ಬರು ಒಪ್ಪಿದರು. ಮೂರನೆಯವನು ಅಣ್ಣನಾದ ಶ್ರೀನಿವಾಸನು, ನಾಲ್ಕನೆಯವಳು ರಮಾಬಾಯಿ. ಆಕೆಯು ಕುಳ್ಳಗಿದ್ದುದರಿಂದ ಚಟ್ಟವನ್ನು ಹೆಗಲ ಮೇಲೆ ಇಟ್ಟುಕೊಳ್ಳಲಾರದೆ ತಲೆಯ ಮೇಲೆ ಹೊತ್ತು ಸುಡುಗಾಡಿನ ವರೆಗೆ ನಡೆದಳು. ಅದೇ ಕಾಲದಲ್ಲಿ ಅಕ್ಕನೂ ಸತ್ತಳು.

ಪ್ರಿಯರೇ, ಈ ಸಂಗತಿಯನ್ನು ಓದಿ ಅಯ್ಯೋ ಎಂದು ಹೇಳಿ ಮುಂದಕ್ಕೆ ಹೋಗಬಾರದು. ಆ ವೃದ್ಧ ದಂಪತಿಗಳು ವಿದ್ಯಾವಂತರು. ನೂರಾರು ಊರುಗಳಲ್ಲಿ ಸಾವಿರಾರು ಜನರು ಅವರ ಬಾಯಿಂದ ಕಥೆ ಕೇಳಿ ಸಂತೋಷಪಟ್ಟಿದ್ದರು. ಅವರ ಆಶ್ರಮದಲ್ಲಿ ಎಷ್ಟೋ ಮಂದಿ ಉಂಡಿದ್ದರು. ಹೀಗಿದ್ದರೂ ಮುಪ್ಪಿನ ಕಾಲದಲ್ಲಿ ನಮ್ಮವರೆಂದು ಹೇಳಿಕೊಳ್ಳುವ ಒಂದು ಊರಾದರೂ ಒಂದು ಕೂಟವಾದರೂ ಅವರಿಗೆ ಇರಲಿಲ್ಲ. ಅವರಿಗೆ ರೊಟ್ಟಿ ಇಲ್ಲದ್ದು ಬರದ ನಿಮಿತ್ತ. ಆದರೆ ಹೊರುವ ನಾಲ್ಕು ಹೆಗಲು ಸಿಗದೆ ಹೋದದ್ದು ಕೂಟವಿಲ್ಲದ ನಿಮಿತ್ತ. ಬರವು ಈಗ ನಮ್ಮನ್ನು ಅಷ್ಟಾಗಿ ಬಾಧಿಸುವದಿಲ್ಲ. ಎರಡನೆಯ ಕೊರತೆಯಾದರೋ ಹೊಟ್ಟೆ ತುಂಬಿದ ಊರುಗಳಲ್ಲಿಯೂ ಕಾಣುತ್ತದೆ.

೩. ದೇಶಸಂಚಾರ, ವೈಧವ್ಯ, ಕ್ರಿಸ್ತನ ಪರಿಚಯ

ಉಳಿದ ಅಣ್ಣತಂಗಿಯರಿಬ್ಬರೂ ಕಾಲುನಡಿಗೆಯಿಂದ ಹಿಂದೂದೇಶದ ಬಹುಭಾಗವನ್ನು ಸಂಚರಿಸಿ ೧೮೭೮ನೇ ಇಸವಿಯಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯನ್ನು ಪರೀಕ್ಷಿಸಿ ಪಂಡಿತೆ ಎಂತಲೂ ಸರಸ್ವತಿ ಎಂತಲೂ ಬಿರುದು ಕೊಟ್ಟರು. ೧೮೮೦ರಲ್ಲಿ ಅಣ್ಣನು ತೀರಿಹೋದನು. ಅದೇ ವರುಷ ಅವರು ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಜಾತಿಯನ್ನು ಲೆಕ್ಕಿಸದೆ ಮದುವೆಯಾದರು. ೧೮೮೧ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. ೧೮೮೨ರಲ್ಲಿ ಗಂಡನು ವಾಂತಿಭೇದಿಯ ರೋಗದಿಂದ ಸತ್ತನು. ಇಪ್ಪತ್ತನಾಲ್ಕು ವರುಷವೂ ತುಂಬದ ರಮಾಬಾಯಿಯವರು ಕೈಗೂಸಿನೊಂದಿಗೆ ವಿಧವೆಯಾದರು.

೧೮೮೩ರಲ್ಲಿ ಅವರು ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಆದರೆ ಕಿವಿ ಸರಿಯಾಗಿ ಕೇಳಿಸದ ಕಾರಣ ಆ ಆಸೆಯನ್ನು ಬಿಟ್ಟುಬಿಡಬೇಕಾಯಿತು. ಈ ಕಿವುಡುತನವು ಅವರನ್ನು ಸಾಯುವ ತನಕ ಬಿಡಲಿಲ್ಲವೆಂಬುದನ್ನು ವಾಚಕರು ಜ್ಞಾಪಕದಲ್ಲಿಡಬೇಕು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರು ಕೆಟ್ಟುಹೋದ ಸ್ತ್ರೀಯರನ್ನು ಪ್ರೀತಿಯಿಂದ ಎತ್ತಿ ನಿಲ್ಲಿಸುತ್ತಿದ್ದುದನ್ನು ಅವರು ಕಂಡು, ಇಂಥ ಪ್ರೀತಿಯ ಮೂಲವೇನೆಂದು ವಿಚಾರಿಸಿದರು. ಅದೇ ವರುಷದ ಸೆಪ್ಟೆಂಬರ್ ೨೯ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. ೧೮೮೬ರಲ್ಲಿ ಅಮೇರಿಕಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಸ್ತ್ರೀಯರ ವಿಷಯವಾಗಿ ಪುಸ್ತಕವನ್ನು ಬರೆದು, ಸಹಾಯಕರನ್ನು ಸಂಪಾದಿಸಿಕೊಂಡು ತಿರಿಗಿ ಬಂದರು. ೧೮೮೯ನೇ ಇಸವಿ ಮಾರ್ಚಿ ೧೧ರಂದು ಬೊಂಬಾಯಿಯಲ್ಲಿ ವಿಧವೆಯರಿಗೋಸ್ಕರ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪೂನಾಕ್ಕೆ ಹೋಯಿತು.

೪. ಮುಕ್ತಿ ಎಂಬ ಹಳ್ಳಿ

ಪೂನಾದ ಪೂರ್ವಕ್ಕೆ ಕೆಡಗಾಂವ್ ಎಂಬ ಹಳ್ಳಿಯುಂಟು. ಅಲ್ಲಿ ರಮಾಬಾಯಿಯವರು ಸುಮಾರು ೧೦೦ ಎಕರೆ ಒಣಭೂಮಿಯನ್ನು ಹಣ್ಣಿನ ತೋಟಕ್ಕಾಗಿ ಕೊಂಡುಕೊಂಡಿದ್ದರು. ೧೮೯೬ರಿಂದ ೧೮೯೭ರ ವರೆಗೆ ಮಧ್ಯಪ್ರಾಂತಗಳಲ್ಲಿ ಬರವು ಬಿದ್ದಾಗ, ತಮ್ಮ ಬಾಲ್ಯದ ಹಸಿವನ್ನು ಮರೆಯದ ಅವರು ತಾವೇ ಅಲ್ಲಿಗೆ ಹೋಗಿ ಅನಾಥರಾದ ನೂರಾರು ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಪೂನಾದಲ್ಲಿ ಆಗ ಪ್ಲೇಗು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳ ಅಪ್ಪಣೆಯಿಲ್ಲ. ಆದಕಾರಣ ಕೆಡಗಾಂವಿನ ಬಯಲಿನಲ್ಲಿಯೇ ಡೇರೆಗಳನ್ನೂ ಹುಲ್ಲುಗುಡಿಸಲುಗಳನ್ನೂ ಹಾಕಿ ಅವರನ್ನು ಇರಿಸಬೇಕಾಯಿತು. ೧೮೯೮ರಲ್ಲಿ ಆ ಸ್ಥಳವು ಮುಕ್ತಿ ಎಂಬ ಹೆಸರಿನಿಂದ ಪ್ರತಿಷ್ಠೆಯಾಯಿತು. ೧೯೦೦ರಲ್ಲಿ ಗುಜರಾತಿನ ಬರದಿಂದ ಬಂದವರನ್ನೂ ಸೇರಿಸಿ ಅಲ್ಲಿ ಸುಮಾರು ೨,೦೦೦ ಮಂದಿ ಇದ್ದರು.

ಎರಡು ಸಾವಿರ ಮಂದಿಯ ಸ್ಥಳವೆಂದರೆ ಅದೊಂದು ದೊಡ್ಡ ಹಳ್ಳಿಯೇ ಸರಿ. ಬಾವಿಗಳನ್ನು ತೋಡಿಸಿದರು, ದೇವಾಲಯವನ್ನು ಕಟ್ಟಿಸಿದರು. ಬೇಸಾಯ, ದನಕರುಗಳ ಸಾಕಣೆ, ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಬಟ್ಟೆ ಒಗೆಯುವುದು, ಪುಸ್ತಕ ಅಚ್ಚುಮಾಡುವುದು ಮುಂತಾದ ಕೆಲಸಗಳೆಲ್ಲಾ ಹೆಂಗಸರ ಕೈಯಿಂದಲೇ ನಡೆದವು. ತಿನ್ನುವ ಬಾಯಿಗಳೆಂದು ಯಾರನ್ನೂ ಎಣಿಸದೆ, ಮಾಡುವ ಕೈಗಳೆಂದು ಎಲ್ಲರನ್ನೂ ಎಣಿಸಿದ್ದೇ ಆ ಸ್ಥಳದ ಗುಟ್ಟು.

ನಮ್ಮ ನಾಡನ್ನೂ ಅವರು ಮರೆಯಲಿಲ್ಲ. ಕನ್ನಡವು ಅವರು ಬಲ್ಲ ಭಾಷೆಗಳಲ್ಲಿ ಒಂದಾಗಿತ್ತು. ೧೯೧೦ರ ತರುವಾಯದ ವರುಷಗಳಲ್ಲಿ ತಾಯಿಮಗಳು ಸೇರಿ, ಆಗ ನಿಜಾಮರ ಸೀಮೆಗೆ ಒಳಪಟ್ಟಿದ್ದ ಗುಲ್ಬರ್ಗದಲ್ಲಿ ಶಾಂತಿ ಸದನವೆಂಬ ಶಾಲೆಯನ್ನು ತೆರೆದರು. ಗುಲ್ಬರ್ಗಕ್ಕೆ ೨೦೧೪ರಿಂದ ಕಲಬುರಗಿ ಎಂದು ಹೆಸರು.

೫. ಪ್ರೀತಿ ಸದನ

ಈಗ ನಮ್ಮ ವಿಷಯದ ಹೃದಯಕ್ಕೆ ಬರುತ್ತೇವೆ. ಮುಕ್ತಿಗೆ ಬಂದವರೆಲ್ಲರೂ ಚಿಕ್ಕವರಲ್ಲ. ಬಿಳಿಕೂದಲಿನ ಮುದುಕಿಯರೂ ಇದ್ದರು, ಕುಂಟರೂ ರೋಗಿಗಳೂ ಇದ್ದರು, ಕುರುಡಿಯರೂ ಇದ್ದರು. ಬುದ್ಧಿಯಿಲ್ಲದವರು ಇವರನ್ನು ಭಾರವೆಂದು ಎಣಿಸಬಹುದು. ರಮಾಬಾಯಿಯವರು ಹಾಗೆ ಎಣಿಸಲಿಲ್ಲ. ವೃದ್ಧರಿಗೂ ನಿರ್ಬಲರಿಗೂ ಪ್ರೀತಿ ಸದನವೆಂಬ ಮನೆಯನ್ನು ಏರ್ಪಡಿಸಿದರು. ಕುರುಡಿಯರ ಮನೆಗೆ ಬಾರ್ತಿಮಿ ಸದನವೆಂದು ಹೆಸರಿಟ್ಟರು. ಆ ಹೆಸರಿನ ಅರ್ಥವನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಯೆರಿಕೋವಿನ ದಾರಿಯ ಮಗ್ಗುಲಲ್ಲಿ ಕುಳಿತಿದ್ದ ಬಾರ್ತಿಮಾಯನು ಕೂಗಿದಾಗ ಗುಂಪಿನವರು ಗದರಿಸಿದರು. ಕರ್ತನಾದರೋ ನಿಂತು ಅವನನ್ನು ಕರೆಯಿಸಿದನು. ಕಣ್ಣು ಬಂದ ಮೇಲೆ ಅವನು ದಾರಿಯ ಮಗ್ಗುಲಲ್ಲಿ ಕುಳಿತುಕೊಳ್ಳದೆ ದಾರಿಯಲ್ಲಿ ಹಿಂಬಾಲಿಸಿ ನಡೆದನು.

ದಾರಿಯ ಮಗ್ಗುಲಲ್ಲಿ ಇರುವವರನ್ನು ದಾರಿಗೆ ಕರೆತರುವುದೇ ಮುಕ್ತಿಯ ಕ್ರಮವಾಗಿತ್ತು. ಕುರುಡಿಯರು ಉಬ್ಬಿದ ಅಕ್ಷರಗಳನ್ನು ಬೆರಳುಗಳಿಂದ ಓದಲು ಕಲಿತರು. ಕಲಿತವರು ಕಲಿಯದವರಿಗೆ ಸತ್ಯವೇದವನ್ನು ಓದಿ ಹೇಳಿದರು. ಬೆತ್ತದ ಕೆಲಸವನ್ನೂ ನೂಲಿನ ಕೆಲಸವನ್ನೂ ಮಾಡಿದರು. ಪ್ರಾರ್ಥನೆಯನ್ನು ಅಲ್ಲಿ ಕೆಲಸವಿಲ್ಲದವರ ಕಾಲಕ್ಷೇಪವೆಂದು ಎಣಿಸದೆ ಒಂದು ದೊಡ್ಡ ಕೆಲಸವೆಂದು ಎಣಿಸುತ್ತಿದ್ದರು. ೧೯೦೫ರಲ್ಲಿ ಮುಕ್ತಿಯಲ್ಲಿ ಉಂಟಾದ ಆತ್ಮಿಕ ಉಜ್ಜೀವನಕ್ಕೆ ಮುಂಚೆ ನೂರಾರು ಹೆಂಗಸರು ಪ್ರತಿದಿನ ಪ್ರಾರ್ಥನೆಗಾಗಿ ಕೂಡಿಬರುತ್ತಿದ್ದರು. ಮೊಣಕಾಲೂರುವುದಕ್ಕೆ ಯೌವನದ ಬಲವೇನೂ ಬೇಕಾಗಿಲ್ಲವಷ್ಟೆ.

ಕಾಡಿನಲ್ಲಿ ಹಸಿದು ಸತ್ತ ತಂದೆಯನ್ನೂ, ಹೊರುವವರಿಲ್ಲದೆ ಸುಡುಗಾಡಿಗೆ ಹೋದ ತಾಯಿಯನ್ನೂ ಕಂಡ ಹುಡುಗಿಯು ದೊಡ್ಡವಳಾಗಿ, ಯಾರೂ ಇಲ್ಲದ ಮುದುಕಿಯರಿಗೆ ಮನೆಯನ್ನೂ ಕೂಟವನ್ನೂ ಕಟ್ಟಿಕೊಟ್ಟದ್ದನ್ನು ನಾವು ಮನಸ್ಸಿನಲ್ಲಿ ಆಲೋಚಿಸೋಣ. ತನ್ನ ದುಃಖವನ್ನು ಹೀಗೆ ಬೇರೆಯವರ ಸುಖಕ್ಕೆ ಅಸ್ತಿವಾರವಾಗಿ ಇಡುವುದು ಕ್ರಿಸ್ತನ ಕೃಪೆಯಿಂದಲ್ಲದೆ ಆಗುವ ಕಾರ್ಯವಲ್ಲ.

೬. ಅವರ ಸ್ವಂತ ಇಳಿಗಾಲ

ರಮಾಬಾಯಿಯವರಿಗೂ ಇಳಿವಯಸ್ಸು ಬಂತು. ಕಿವಿ ಮೊದಲೇ ಮಂದ. ಬಾಲ್ಯದ ಹಸಿವೂ ಹಲವು ವರುಷಗಳ ಪ್ರಯಾಸವೂ ಶರೀರವನ್ನು ಸವೆಯಿಸಿದ್ದವು. ಕಿವುಡರು ಮಾತಿನಿಂದ ದೂರವಾಗಿ, ಮಾತಿನಿಂದ ದೂರವಾದವರು ಮನುಷ್ಯರಿಂದಲೂ ದೂರವಾಗುವುದನ್ನು ನಾವು ನಮ್ಮ ಮನೆಗಳಲ್ಲಿಯೇ ಕಾಣುತ್ತೇವೆ. ರಮಾಬಾಯಿಯವರು ಕಿವಿಯ ಬಾಗಲು ಮುಚ್ಚಿದಾಗ ಬರವಣಿಗೆಯ ಬಾಗಲನ್ನು ತೆರೆದುಕೊಂಡರು.

ಆ ಕಾಲದ ಮರಾಟಿ ಸತ್ಯವೇದದಲ್ಲಿ ಸಂಸ್ಕೃತದ ಕಠಿಣ ಪದಗಳು ಬಹಳವೆಂದೂ, ಹಳ್ಳಿಯ ಹೆಂಗಸರಿಗೆ ಅವು ತಿಳಿಯುವದಿಲ್ಲವೆಂದೂ ಅವರು ಕಂಡರು. ಸಂಸ್ಕೃತದಲ್ಲಿ ಅವರಿಗೆ ಸಮಾನರು ಸ್ವಲ್ಪ ಮಂದಿ. ಆದರೂ ಆ ಪಾಂಡಿತ್ಯವನ್ನೆಲ್ಲಾ ಪಕ್ಕಕ್ಕೆ ಇಟ್ಟು, ನೀರು ಸೇದುವವಳಿಗೂ ಹಿಟ್ಟು ಬೀಸುವವಳಿಗೂ ತಿಳಿಯುವ ಮಾತಿನಲ್ಲಿ ಸತ್ಯವೇದವನ್ನು ಭಾಷಾಂತರಿಸಲು ಕುಳಿತರು. ಇದಕ್ಕಾಗಿ ನಡುವಯಸ್ಸು ದಾಟುತ್ತಿರುವಾಗ ಇಬ್ರಿಯ ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. ಇತರರೂ ಕಲಿಯಲೆಂದು ಮರಾಟಿಯಲ್ಲಿ ಇಬ್ರಿಯ ವ್ಯಾಕರಣವನ್ನು ಬರೆದರು. ಬಾಳಿನ ಕಡೆಯ ಸುಮಾರು ೧೮ ವರುಷಗಳು ಈ ಕೆಲಸದಲ್ಲಿಯೇ ಕಳೆದವು. ಇದನ್ನು ಅವರು ಏಕಾಂತದ ಕೆಲಸವನ್ನಾಗಿ ಇಟ್ಟುಕೊಳ್ಳಲಿಲ್ಲ. ಅವರು ಬರೆದದ್ದನ್ನು ಮುಕ್ತಿಯ ಹೆಂಗಸರು ಅಕ್ಷರ ಜೋಡಿಸಿ ಅಚ್ಚುಹಾಕಿದರು. ಒಂದು ಕಾಲದಲ್ಲಿ ಬರದಿಂದ ಬಂದು ಅಕ್ಷರವೇ ಅರಿಯದಿದ್ದ ಕೈಗಳು ದೇವರ ವಾಕ್ಯವನ್ನು ಜೋಡಿಸಿದವು.

ಸರಕಾರದವರು ೧೯೧೯ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟರು. ಆದರೆ ಕಹಿಯಾದ ಪಾತ್ರೆಯು ಇನ್ನೂ ಉಳಿದಿತ್ತು. ತನ್ನ ತರುವಾಯ ಮುಕ್ತಿಯನ್ನು ನಡಿಸುವಳೆಂದು ಅವರು ನಂಬಿಕೊಂಡಿದ್ದ ಒಬ್ಬಳೇ ಮಗಳಾದ ಮನೋರಮೆಯು ೧೯೨೧ನೇ ಇಸವಿ ಜುಲಾಯಿ ತಿಂಗಳಲ್ಲಿ ತೀರಿಕೊಂಡಳು. ಅರುವತ್ತಮೂರು ವರುಷದ ತಾಯಿಯು ಉಳಿದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಕಡೆಗೆ ಮಗಳು. ಎಲ್ಲರನ್ನೂ ಕಳಕೊಂಡ ಇಂಥ ಮುದುಕಿಯು ಬಾಗಲು ಮುಚ್ಚಿಕೊಂಡು ಮೂಲೆ ಹಿಡಿದರೆ ಯಾರು ತಪ್ಪೆನ್ನುವರು? ರಮಾಬಾಯಿಯವರು ಹಾಗೆ ಮಾಡಲಿಲ್ಲ. ಮುಕ್ತಿಯ ಮುಂದಿನ ಆಡಳಿತಕ್ಕೆ ಬೇಕಾದ ಏರ್ಪಾಡು ಮಾಡಿ, ತಿರಿಗಿ ಸತ್ಯವೇದದ ಅಚ್ಚಿನ ಕರಡುಗಳನ್ನು ತಿದ್ದಲು ಕುಳಿತರು. ಆ ಕೆಲಸವನ್ನು ತೀರಿಸಿದ ಸ್ವಲ್ಪದರಲ್ಲಿಯೇ, ೧೯೨೨ನೇ ಇಸವಿ ಏಪ್ರಿಲ್ ೫ರಂದು, ಅವರು ಕರ್ತನಲ್ಲಿ ನಿದ್ರೆಹೋದರು. ಅವರ ಸತ್ಯವೇದವು ೧೯೨೪ರಲ್ಲಿ ಹೊರಬಂತು. ಮುಕ್ತಿಯ ಸೇವೆಯು ಇಂದಿಗೂ ಕೆಡಗಾಂವಿನಲ್ಲಿ ನಡೆಯುತ್ತಾ ಇದೆ.

ತಾಯಿಯ ಶವಕ್ಕೆ ನಾಲ್ಕು ಹೆಗಲು ಸಿಗದೆ ಹೋಗಿತ್ತು. ಮಗಳಿಗಾದರೋ ಮುಕ್ತಿಯ ದೊಡ್ಡ ಕುಟುಂಬವೇ ಇತ್ತು. ಆ ಕುಟುಂಬವು ರಕ್ತಸಂಬಂಧದಿಂದ ಬಂದದ್ದಲ್ಲ, ಕ್ರಿಸ್ತನಲ್ಲಿ ಕಟ್ಟಲ್ಪಟ್ಟದ್ದು.

೭. ನಮಗೆ ಉಪದೇಶ

ಈ ಚರಿತ್ರೆಯಿಂದ ನಾವು ಕಲಿಯುವುದೇನು? ವೃದ್ಧರಿಗೆ ಅನ್ನವಸ್ತ್ರ ಬೇಕು, ಅದರಲ್ಲಿ ಸಂಶಯವಿಲ್ಲ. ತಂದೆತಾಯಿಗಳನ್ನು ಮಕ್ಕಳು ಪೋಷಿಸಬೇಕೆಂದು ೨೦೦೭ನೇ ಇಸವಿಯಲ್ಲಿ ನಮ್ಮ ದೇಶದಲ್ಲಿ ಕಾಯಿದೆಯೂ ಆಯಿತು. ಆದರೆ ಕಾಯಿದೆಯು ಅನ್ನವನ್ನು ಕೊಡಿಸಬಲ್ಲದು, ಜೊತೆಗೂಡಿ ಉಣ್ಣುವವರನ್ನು ಕೊಡಿಸಲಾರದು. ಒಂಟಿತನವು ಶರೀರವನ್ನೂ ಕೆಡಿಸುತ್ತದೆಂದು ವೈದ್ಯರು ಹೇಳುತ್ತಾರೆ. ಇದನ್ನು ವಿಚಾರಿಸುವುದಕ್ಕಾಗಿ ಲೋಕದ ಆರೋಗ್ಯ ಸಂಸ್ಥೆಯವರು ೨೦೨೩ರಲ್ಲಿ ಒಂದು ಆಯೋಗವನ್ನೇ ನೇಮಿಸಿದರು. ದೊಡ್ಡ ದೊಡ್ಡ ಸಂಸ್ಥೆಗಳು ಚಿಂತಿಸುವ ಈ ರೋಗಕ್ಕೆ ಬೇಕಾದ ಮದ್ದು ನಮ್ಮ ಚಿಕ್ಕ ಸಭೆಗಳ ಕೈಯಲ್ಲಿಯೇ ಉಂಟು. ಅದು ಏನೆಂದರೆ, ಪ್ರತಿಯೊಬ್ಬ ವೃದ್ಧನಿಗೂ ಕೂಟದಲ್ಲಿ ಒಂದು ಸ್ಥಳವನ್ನೂ ಆ ಸ್ಥಳದಲ್ಲಿ ಒಂದು ಕೆಲಸವನ್ನೂ ಕೊಡುವುದು.

ಮೊದಲನೆಯದಾಗಿ, ಸಭೆಯ ಹಿರಿಯರಿಗೂ ಉಪದೇಶಿಗಳಿಗೂ ಒಂದು ಮಾತು. ನಿಮ್ಮ ಸಭೆಯ ವೃದ್ಧರ ಹೆಸರುಗಳನ್ನು ಬರೆದುಕೊಳ್ಳಿರಿ. ಪ್ರತಿಯೊಂದು ಹೆಸರಿನ ಎದುರಿಗೆ ಆತನಿಗೆ ಬೇಕಾದ ಸಹಾಯವನ್ನು ಬರೆಯುವಂತೆಯೇ ಆತನು ಮಾಡಬಲ್ಲ ಸೇವೆಯನ್ನೂ ಬರೆಯಿರಿ. ಹಳೆಯ ಕೀರ್ತನೆಗಳ ರಾಗವನ್ನು ಬಲ್ಲ ಅಜ್ಜಿಯು ವಾರಕ್ಕೊಮ್ಮೆ ಮಕ್ಕಳಿಗೆ ಅದನ್ನು ಕಲಿಸಲಿ. ನಡೆಯಬಲ್ಲ ಅಜ್ಜನು ರೋಗಿಗಳ ಮನೆಗೆ ಹೋಗಿ ಬರಲಿ. ನಡೆಯಲಾರದವನ ಮನೆಯಲ್ಲಿಯೇ ಬುಧವಾರದ ಪ್ರಾರ್ಥನಾಕೂಟವು ಕೂಡಲಿ. ಸಭೆಯು ಮೊದಲು ಹೇಗೆ ಸ್ಥಾಪಿತವಾಯಿತೆಂಬುದನ್ನು ಸುಗ್ಗಿಯ ಹಬ್ಬದಲ್ಲಿ ಹಳಬರ ಬಾಯಿಂದಲೇ ಕೇಳಿರಿ. ಅವರು ಕಣ್ಣು ಮುಚ್ಚಿದ ಮೇಲೆ ಆ ಚರಿತ್ರೆಯನ್ನು ಹೇಳುವವರು ಯಾರು?

ಎರಡನೆಯದಾಗಿ, ಪ್ರಾಯಸ್ಥರಾದ ಸಹೋದರ ಸಹೋದರಿಯರಿಗೆ. ಕಿವಿ ಮಂದವಾದವರನ್ನು ದೇವಾಲಯದಲ್ಲಿ ಹಿಂದಿನ ಗೋಡೆಗೆ ಒರಗಿಸದೆ ಮುಂದೆ ಕುಳ್ಳಿರಿಸಿರಿ. ಅವರ ಮುಖವನ್ನು ನೋಡಿ ಮೆಲ್ಲಗೆ ಮಾತಾಡಿರಿ. ಕಣ್ಣು ಮಂಜಾದವರಿಗೆ ನಿಮ್ಮ ಮಕ್ಕಳು ದಿನಕ್ಕೊಂದು ಅಧ್ಯಾಯವನ್ನು ಓದಿ ಹೇಳಲಿ. ಅಜ್ಜಿಗೆ ವಾಕ್ಯವು ದೊರಕುವುದು, ಮಗುವಿಗೆ ಓದು ಬರುವುದು. ಸಾಯಂಕಾಲ ಕೆಲಸದಿಂದ ಬಂದ ಕೂಡಲೇ ಕೈಯಲ್ಲಿ ಫೋನನ್ನು ಹಿಡಿಯುವುದಕ್ಕೆ ಮುಂಚೆ ಜಗಲಿಯಲ್ಲಿ ಕುಳಿತವರ ಬಳಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಹೊಲ ಮಾರಿದ ಹಣವನ್ನು ಎಣಿಸುವಾಗ ಅವರ ಅಭಿಪ್ರಾಯವನ್ನು ಕೇಳಿದಿರಿ. ಮನೆಯ ಮದುವೆಯನ್ನು ನಿಶ್ಚಯಿಸುವಾಗಲೂ ಕೇಳಿರಿ.

ಮೂರನೆಯದಾಗಿ, ವೃದ್ಧರಾದ ತಂದೆತಾಯಂದಿರೇ, ನಿಮಗೂ ವಿನಯದಿಂದ ಒಂದು ಬಿನ್ನಹ. ಕಾಲ ಮುಗಿಯಿತು, ಇನ್ನು ನಮ್ಮಿಂದೇನಾದೀತು ಎಂದು ಹೇಳಿ ನೀವಾಗಿ ಮೂಲೆಯನ್ನು ಆರಿಸಿಕೊಳ್ಳಬೇಡಿರಿ. ಫನುವೇಲನ ಮಗಳಾದ ಅನ್ನಳು ಬಹು ಮುದುಕಿಯಾಗಿದ್ದರೂ ದೇವಾಲಯದಲ್ಲಿಯೇ ಇದ್ದದ್ದರಿಂದ ಕೂಸಾದ ಕರ್ತನನ್ನು ಕಂಡಳು, ಕಂಡದ್ದನ್ನು ಇತರರಿಗೂ ಹೇಳಿದಳು. ಮನೆಯಲ್ಲಿಯೇ ಉಳಿದಿದ್ದರೆ ಆ ಭಾಗ್ಯವು ಆಕೆಗೆ ಎಲ್ಲಿಂದ ಬರುತ್ತಿತ್ತು? ಪ್ರಾಯಸ್ಥರ ಹೊಸ ರೀತಿಗಳು ನಿಮಗೆ ಹಿಡಿಸದೆ ಇರಬಹುದು, ಅವರ ಮಾತುಗಳು ಬೇಗ ಬೇಗನೆ ಬಂದು ಕಿವಿಗೆ ಸಿಕ್ಕದೆ ಹೋಗಬಹುದು. ಆದರೂ ಬನ್ನಿರಿ. ನೀವು ಬಾರದೆ ಇದ್ದರೆ ಬರುವ ನಷ್ಟವು ನಿಮಗೆ ಮಾತ್ರವಲ್ಲ, ಸಭೆಗೂ ಉಂಟು.

ನಮ್ಮ ಸಭೆಗಳು ಚಿಕ್ಕವು, ಹಣವು ಸ್ವಲ್ಪ. ಮುಕ್ತಿಯಂಥ ದೊಡ್ಡ ಸ್ಥಳವನ್ನು ಕಟ್ಟುವುದಕ್ಕೆ ನಮ್ಮಿಂದಾಗದು. ಆದರೆ ನಾವು ಹೇಳಿದ ಕಾರ್ಯಗಳಿಗೆ ಹಣ ಬೇಕಾಗಿಲ್ಲ. ನೆರೆಯವಳು ಕೊಟ್ಟ ಒಂದು ಸಜ್ಜೆಯ ರೊಟ್ಟಿಯನ್ನು ಮರೆಯಬೇಡಿರಿ. ಬಾಗಲಲ್ಲಿ ನಿಂತವಳ ಕಣ್ಣೀರನ್ನು ಕೇಳದೆಯೇ ಅರಿತುಕೊಂಡವಳು ಅವಳು. ನಮ್ಮ ಬೀದಿಗಳಲ್ಲಿಯೂ ಬಾಯಿಬಿಟ್ಟು ಬೇಡದ ವೃದ್ಧರು ಇದ್ದಾರೆ. ಅವರಿಗೆ ಬೇಕಾದದ್ದು ಅನೇಕವೇಳೆ ರೊಟ್ಟಿಯಲ್ಲ, ಬಂದು ಕುಳಿತುಕೊಳ್ಳುವ ಒಬ್ಬರು. ಬರುವ ಭಾನುವಾರದ ಆರಾಧನೆಗೆ ಹೊರಡುವ ಮುಂಚೆ ನಮ್ಮಲ್ಲಿ ಪ್ರತಿಯೊಬ್ಬರೂ ಅಂಥ ಒಂದು ಬಾಗಲನ್ನು ತಟ್ಟಿ, ಕೈಹಿಡಿದು, ಜೊತೆಯಲ್ಲಿ ಕರೆದುಕೊಂಡು ಬರೋಣ. ಅದಕ್ಕೆ ಬೇಕಾದ ಪ್ರೀತಿಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.